ಆಸ್ಟ್ರೇಲಿಯಾದಲ್ಲಿ ಪದವೀಧರ ವೀಸಾದ ಮೇಲೆ ಕೆಲಸ ಹುಡುಕುತ್ತಿರುವವರಿಗೆ ಸೂಚನೆ
ಎಲ್ಲ ಸದಸ್ಯರಿಗೂ ನಮಸ್ಕಾರ. ನಮ್ಮ ಹಾಸನ, ಸಕಲೇಶಪುರ, ಅರಕಲಗೂಡು ಕಡೆಯಿಂದ ಆಸ್ಟ್ರೇಲಿಯಾಕ್ಕೆ ಓದಲು ಹೋದ ಮಕ್ಕಳೂ ಅವರ ತಂದೆತಾಯಿಯರೂ ಇದನ್ನು ದಯವಿಟ್ಟು ಪೂರ್ತಿಯಾಗಿ ಓದಬೇಕು.

ಓದಿದ ಮೇಲೆ ಅಲ್ಲೇ ಇದ್ದು ಕೆಲಸ ಮಾಡಲು ಕೊಡುವ 485ನೇ ವರ್ಗದ ತಾತ್ಕಾಲಿಕ ಪದವೀಧರ ವೀಸಾಕ್ಕೆ ಓದು ಮುಗಿದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. 2024ರ ಜುಲೈ 1ರಿಂದ ಹೆಚ್ಚಿನ ಅರ್ಜಿದಾರರಿಗೆ ವಯೋಮಿತಿ 35ಕ್ಕೆ ಇಳಿದಿದೆ.

ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವಾಗ ಇರುವ, ಎರಡು ವಾರಕ್ಕೆ 48 ಗಂಟೆಯ ಕೆಲಸದ ಮಿತಿ ಈ ಪದವೀಧರ ವೀಸಾಕ್ಕಿಲ್ಲ. ಆದರೂ ‘ತಾತ್ಕಾಲಿಕ’ ಎಂಬ ಪದ ಕಂಡೊಡನೆ ಕೆಲವು ಕಂಪನಿಗಳು ಅರ್ಜಿಯನ್ನು ಬದಿಗಿಡುವುದುಂಟು. ಆದ್ದರಿಂದ ವೀಸಾ ಮುಗಿಯುವ ದಿನಾಂಕವನ್ನೂ, ಅಲ್ಲಿಯವರೆಗೆ ಪ್ರಾಯೋಜಕತ್ವವಿಲ್ಲದೆ (ಅಂದರೆ ಕಂಪನಿ ವೀಸಾಕ್ಕೆ ಹೊಣೆ ನಿಲ್ಲದೆ) ಪೂರ್ಣಾವಧಿ ದುಡಿಯಬಹುದೆಂಬುದನ್ನೂ ರೆಸ್ಯೂಮೆಯ ಮೊದಲ ಪುಟದಲ್ಲೇ ಬರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಒಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ವೀಸಾ ಪ್ರಾಯೋಜಕತ್ವ ಕೊಡಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ, ಅದಕ್ಕಾಗಿ ಕಾಫಿ ತೋಟವನ್ನು ಅಡವಿಡಲು ಹೋಗಬೇಡಿ. ಹಾಗೆ ಹಣ ಪಡೆಯುವುದೂ ಕೊಡುವುದೂ ಅಲ್ಲಿಯ ಕಾನೂನಿಗೆ ವಿರುದ್ಧ. ಸಂಬಳ ಕಡಿಮೆ ಕೊಟ್ಟರೆ ಕೆಲಸಗಾರರ ದೂರು ಕೇಳುವ ಅಲ್ಲಿಯ ಸರ್ಕಾರಿ ಸಂಸ್ಥೆಯಾದ ‘ಫೇರ್ ವರ್ಕ್ ಒಂಬುಡ್ಸ್‌ಮನ್’ ಕಚೇರಿಯನ್ನು ಯಾವ ವೀಸಾದವರಾದರೂ ಶುಲ್ಕವಿಲ್ಲದೆ ಸಂಪರ್ಕಿಸಬಹುದು.

ರೆಸ್ಯೂಮೆ ತಿದ್ದಿಸಿಕೊಳ್ಳಬೇಕಾದವರು ಭಾನುವಾರದೊಳಗೆ ನನಗೆ ಪ್ರತ್ಯೇಕವಾಗಿ ಕಳುಹಿಸಬೇಕು. ಪಾಸ್‌ಪೋರ್ಟ್ ಪ್ರತಿಯನ್ನು ಮಾತ್ರ ಗುಂಪಿನಲ್ಲಿ ಹಾಕಬಾರದು.