ಡಿಸ್ಚಾರ್ಜ್ ಮಾಡುವ ಮೊದಲು ಕಲಿಸಿ ಕಳಿಸಿ

ಸಂಪಾದಕರೇ,

ಬೆಂಗಳೂರಿನ ಯಾವ ಆಸ್ಪತ್ರೆಯಲ್ಲಾದರೂ ಡಿಸ್ಚಾರ್ಜ್ ದಿನ ನೋಡಿ. ಮನೆಯವರು ಬಿಲ್ಲಿಂಗ್, ಇನ್ಶೂರೆನ್ಸ್, ಫಾರ್ಮಸಿ ಅಂತ ಓಡಾಡುತ್ತಿರುತ್ತಾರೆ. ಸಿಸ್ಟರ್ ಬಂದು ಮಾತ್ರೆಯ ಕವರ್ ಕೈಗಿಟ್ಟು 'ಇದು ಬೆಳಿಗ್ಗೆ, ಇದು ರಾತ್ರಿ, ಗೊತ್ತಾಯ್ತಾ?' ಅನ್ನುತ್ತಾರೆ. ರೋಗಿ ತಲೆಯಾಡಿಸುತ್ತಾರೆ. ಹಾಗೆ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ?

ಈಚೆಗೆ ನಮ್ಮ ಮಾವನವರಿಗೆ ಹೊಸದಾಗಿ ಇನ್ಸುಲಿನ್ ಶುರುವಾಯಿತು. ಆಸ್ಪತ್ರೆಯಲ್ಲಿದ್ದಷ್ಟು ದಿನ ಸಿಸ್ಟರೇ ಚುಚ್ಚಿದರು. ಮನೆಗೆ ಬಂದು ನೋಡಿದರೆ ಬಾಟಲಿ 40ರದು, ಅಂದರೆ ಒಂದು ಎಂ.ಎಲ್.ನಲ್ಲಿ 40 ಯೂನಿಟ್ ಇನ್ಸುಲಿನ್; ಕೊಟ್ಟಿರುವ ಸಿರಿಂಜ್ ಮಾತ್ರ ಎಂ.ಎಲ್.ಗೆ 100 ಯೂನಿಟ್ ಲೆಕ್ಕದಲ್ಲಿ ಗೆರೆ ಹಾಕಿದ 100ರದು! ಮಹಡಿ ಮನೆಯ ರಿಟೈರ್ಡ್ ಸಿಸ್ಟರ್ ಕಣ್ಣಿಗೆ ಬಿತ್ತು, ಬಚಾವಾದೆವು. ಹಾಗೇ ಎಳೆದು ಚುಚ್ಚಿದ್ದರೆ ಅರ್ಧ ಡೋಸೂ ಹೋಗುತ್ತಿರಲಿಲ್ಲ. ಇದೇ ಉಲ್ಟಾ ಆಗಿ 100ರ ಇನ್ಸುಲಿನ್ನನ್ನು 40ರ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತೆ, ಶುಗರ್ ಧಡಕ್ಕನೆ ಇಳಿದು ಪ್ರಾಣಕ್ಕೇ ಕುತ್ತು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಇಷ್ಟು ಹೇಳೋಕೆ ಒಂದು ನಿಮಿಷ ಸಾಕಲ್ವಾ?

ಆ ಸಿಸ್ಟರ್ ಮಾವನವರ ಕೈಗೇ ಸಿರಿಂಜ್ ಕೊಟ್ಟು ಎಳೆಸಿದರು, ಬೆರಳಲ್ಲಿ ತಟ್ಟಿ ಗುಳ್ಳೆ ತೆಗೆಸಿದರು, ದಿನಾ ಒಂದೇ ಜಾಗಕ್ಕೆ ಚುಚ್ಚಿದರೆ ಗಂಟು ಕಟ್ಟುತ್ತೆ ಅಂತ ಹೊಟ್ಟೆಯ ಮೇಲೆ ಜಾಗ ತೋರಿಸಿದರು. ಬೆವರು, ಕೈನಡುಕ ಬಂದು ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ ಅಂದರು. ಆಮೇಲೆ 'ಈಗ ನೀವು ನನಗೆ ಹೇಳಿ' ಅಂದರು. ಮಾವ ಎರಡು ಕಡೆ ತಡವರಿಸಿದರು. ಸುಮ್ನೆ ತಲೆಯಾಡಿಸಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಬೇರೆ ಕಾಯಿಲೆಗಳಲ್ಲೂ ಇದೇ ಪಾಡು. ಆಸ್ತಮಾದವರಿಗೆ ಪಂಪ್ ಬರೆದುಕೊಡುತ್ತಾರೆ, ಎಳೆದುಕೊಳ್ಳುವ ರೀತಿ ತಪ್ಪಿದರೆ ಔಷಧಿ ಗಂಟಲಲ್ಲೇ ಉಳಿಯುತ್ತೆ. ನಾರ್ಮಲ್ ಬಂತು ಅಂತ ಬಿ.ಪಿ. ಮಾತ್ರೆ ನಿಲ್ಲಿಸುವವರು ಬೀದಿಗೊಬ್ಬರು. ಹಾರ್ಟ್ ವೀಕ್ ಇರುವವರು ದಿನಾ ಬೆಳಿಗ್ಗೆ ತೂಕ ನೋಡಬೇಕು, ಎರಡು ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು, ತಕ್ಷಣ ಡಾಕ್ಟರಿಗೆ ಹೇಳಬೇಕು. ಇದನ್ನು ಎಷ್ಟು ಜನರಿಗೆ ಹೇಳಿ ಕಳಿಸುತ್ತಾರೆ?

ಸಿಸ್ಟರ್‌ಗಳನ್ನು ಬೈದು ಪ್ರಯೋಜನವಿಲ್ಲ. ಒಬ್ಬರಿಗೆ ಎಷ್ಟೋ ಬೆಡ್, ಅದರ ಮೇಲೆ ಫೈಲ್ ಬರೆಯುವ ಕೆಲಸ. ಕೇರಳದಿಂದ ಬಂದವರೂ ಕಷ್ಟಪಟ್ಟು ಕನ್ನಡ ಕಲಿತು ಮಾತಾಡುತ್ತಾರೆ, ಆದರೆ ಕೈಗೆ ಸಿಗುವ ಡಿಸ್ಚಾರ್ಜ್ ಹಾಳೆ ಮಾತ್ರ ಪೂರ್ತಿ ಇಂಗ್ಲಿಷ್. ಕಲಿಸುವುದಕ್ಕೆ ಅಂತಲೇ ಪ್ರತಿ ವಾರ್ಡಿನಲ್ಲಿ ಒಬ್ಬ ಸಿಸ್ಟರಿಗೆ ಸಮಯ ಬಿಡಿಸಿಕೊಡಿ. ರೋಗಿ ಕೈಯಾರೆ ಮಾಡಿ ತೋರಿಸಿದ ಮೇಲೆ ಅದನ್ನು ಫೈಲಿನಲ್ಲಿ ಬರೆಯಲಿ. ದಪ್ಪ ಅಕ್ಷರದ ಒಂದು ಕನ್ನಡ ಹಾಳೆ ಕೊಡಲಿ. ಅದರ ಕೆಳಗೆ ಫೋನ್ ನಂಬರ್ ಇರಲಿ. ರಿಸೆಪ್ಷನ್‌ದಲ್ಲ, ವಾರ್ಡಿನದು.

– ಓದುಗಿ, ರಾಜಾಜಿನಗರ, ಬೆಂಗಳೂರು