ಮನೆ ನೋಡಬೇಕಾದ್ದು ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುರವಣಿಯ ಮನೆ ಪುಟವನ್ನು ನಾನು ತಪ್ಪದೆ ನೋಡುತ್ತೇನೆ. ಓದುತ್ತೇನೆ ಅನ್ನಲಾರೆ, ಅಲ್ಲಿ ಓದುವುದಕ್ಕೆ ಜಾಸ್ತಿ ಏನೂ ಇರುವುದಿಲ್ಲ. ಬಿಳಿ ಗೋಡೆ, ಬೂದಿ ಬಣ್ಣದ ಸೋಫಾ, ನೆಲದಿಂದ ಸೂರಿನ ತನಕ ಗಾಜು, ಗಾಜಿನಾಚೆ ಹಸಿರು. ಮೊನ್ನೆ ಬಂದ ಚಿತ್ರದಲ್ಲಂತೂ ಹಾಲ್‌ನ ಗೋಡೆಯೊಳಗೆ ಬೆಂಕಿಗೂಡು ಇತ್ತು. ನಗು ಬಂತು. ಆಮೇಲೆ ನೆನಪಾಯಿತು, ನಮ್ಮ ಓಣಿಯಲ್ಲೇ ಒಬ್ಬರು ಟಿವಿ ಕೆಳಗೆ ಅಂಥದ್ದೊಂದು ಮಾಡಿಸಿದ್ದಾರೆ. ಬೆಂಕಿ ಇಲ್ಲ, ಕಿತ್ತಳೆ ಬಣ್ಣದ ಎಲ್‌ಇಡಿ ದೀಪ ಉರಿಯುತ್ತದೆ. ಏಪ್ರಿಲ್ ಮುಗಿಯುವ ಹೊತ್ತಿಗೆ 42 ಡಿಗ್ರಿ ಕಾಣುವ ಕಲಬುರಗಿಯಲ್ಲಿ ಚಳಿ ಕಾಯಿಸುವ ಗೂಡು!

ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ ಬಿಡಿ. ನಾನೂ ಅದೇ ಹಳ್ಳಕ್ಕೆ ಬಿದ್ದವಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಮೇಲೆ ಬಂದ ದುಡ್ಡಿಗೆ ಮಗ ತನ್ನದೂ ಸೇರಿಸಿ ಸೇಡಂ ರಸ್ತೆ ಕಡೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಅವನು ಇರುವುದು ಪುಣೆಯಲ್ಲಿ. ಮನೆಯ ನಕ್ಷೆಗಿಂತ ಮೊದಲು ನನ್ನ ಫೋನಿಗೆ ಬಂದದ್ದು ಚಿತ್ರಗಳು. ದಿನಕ್ಕೆ ಹತ್ತು, ಹದಿನೈದು. 'ಅವ್ವ, ಇದು ನೋಡು', 'ಅವ್ವ, ಇದು ಹ್ಯಾಂಗದ?' ನಾನು ಎಲ್ಲದಕ್ಕೂ 'ಛಲೋ ಅದ' ಅಂದೆ. ಛಲೋನೇ ಇದ್ದವು. ಅವು ಯಾವ ಊರಿನ ಮನೆ ಅಂತ ನಾನು ಒಂದು ಸಲವೂ ಕೇಳಲಿಲ್ಲ.

2021ರ ಶ್ರಾವಣದಲ್ಲಿ ಗೃಹಪ್ರವೇಶ ಆಯಿತು. ಬಂದವರೆಲ್ಲ ಹೊಗಳಿ ಹೋದ ಮೇಲೂ ಎರಡು ತಿಂಗಳು ಮನೆ ಚೆಂದವೇ ಇತ್ತು. ಜಿಟಿಜಿಟಿ ಮಳೆ, ಗಾಜಿನ ಮೇಲೆ ನೀರು ಇಳಿಯುವುದು, ಅದನ್ನು ನೋಡುತ್ತಾ ಚಹಾ. ಚಳಿಗಾಲವೂ ಹಾಗೇ ಕಳೆಯಿತು. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಗೆ ನೆಂಟರು ಬಂದರು. ಮನೆ ಏನು ಅಂತ ಗೊತ್ತಾಗಲು ಶುರುವಾಗಿದ್ದು ಆವಾಗ.

ನಮ್ಮ ಮನೆಯ ಮುಖ ಪಡುವಣಕ್ಕೆ. ಮುಂದೆ ಹದಿನೆಂಟು ಅಡಿ ಎತ್ತರದ ಹಾಲ್, ಅಷ್ಟೂ ಎತ್ತರಕ್ಕೆ ಗಾಜು. ಕೆಳಗಿನ ಎರಡು ಪಟ್ಟಿ ಮಾತ್ರ ಸರಿಯುತ್ತವೆ, ಉಳಿದದ್ದು ಕೂರಿಸಿದ ಗಾಜು, ತೆರೆಯುವುದಿಲ್ಲ. ಸಜ್ಜಾ ಇಲ್ಲ. ಸಜ್ಜಾ ಹಾಕಿದರೆ 'ಲುಕ್' ಕೆಡುತ್ತದೆ ಅಂತ ಡಿಸೈನ್ ಮಾಡಿದವರು ಹೇಳಿದ್ದರು. ಮಧ್ಯಾಹ್ನ ಎರಡರಿಂದ ಸಂಜೆ ಆರೂವರೆ ತನಕ ಸೂರ್ಯ ನೇರ ನಮ್ಮ ಸೋಫಾ ಮೇಲೆ ಬಂದು ಕೂರುತ್ತಾನೆ. ಒಳಗೆ ಬಂದ ಬಿಸಿಲಿಗೆ ನೆಲ, ಸೋಫಾ, ಗೋಡೆ ಎಲ್ಲ ಕಾಯುತ್ತವೆ. ಆ ಕಾವು ಗಾಜು ದಾಟಿ ವಾಪಸ್ ಹೋಗಲ್ಲ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ಮೇಲೆ ಕಿಂಡಿ ಇಲ್ಲ. ಅಲ್ಲೇ ತುಂಬಿಕೊಂಡು ಮಹಡಿಯ ಕೋಣೆಗೆ ನುಗ್ಗುತ್ತದೆ. ಫ್ಯಾನು ಉದ್ದ ಕೋಲಿಗೆ ನೇತಾಡುತ್ತಾ ಮೇಲೆಲ್ಲೋ ತಿರುಗುತ್ತದೆ. ಯಾರಿಗೆ ಗಾಳಿ ಹಾಕುತ್ತದೋ ದೇವರಿಗೇ ಗೊತ್ತು.

'ಎಸಿ ಹಾಕಿಸು' ಅಂದ ಮಗ. ಹದಿನೆಂಟು ಅಡಿಯ ಹಾಲ್ ತಂಪು ಮಾಡುವುದೆಂದರೆ ಪಿಂಚಣಿಯನ್ನು ಕರೆಂಟ್ ಬಿಲ್‌ಗೆ ಬರೆದುಕೊಟ್ಟ ಹಾಗೆ. ಕೂಲರ್ ಸಾಕು ಅಂದೆ. ನಮ್ಮದು ಒಣ ಸೆಕೆ. ಕರಾವಳಿಯ ಹಾಗೆ ಬೆವರು ಇಳಿಸುವ ಸೆಕೆಯಲ್ಲ. ಒಣ ಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ, ಹಾಗಾಗಿ ಇಲ್ಲಿ ಕೂಲರ್‌ನಷ್ಟು ಉಪಕಾರಿ ಇನ್ನೊಂದಿಲ್ಲ. ಆದರೆ ಕೂಲರ್ ಇಡುವುದೆಲ್ಲಿ? ಅದಕ್ಕೆ ಒಂದು ಕಡೆ ಹೊರಗಿನ ಗಾಳಿ ಎಳೆದುಕೊಳ್ಳಲು ಕಿಟಕಿ ಬೇಕು, ಎದುರಿಗೆ ಗಾಳಿ ಹೊರಗೆ ಹೋಗಲು ಇನ್ನೊಂದು ಕಿಟಕಿ ಬೇಕು. ಇಲ್ಲದಿದ್ದರೆ ಒಳಗೆ ಪಸೆ ತುಂಬಿ ಮೈ ಅಂಟುತ್ತದೆ ಅಷ್ಟೇ. ಕಲಬುರಗಿಯಲ್ಲಿ ಕೂಲರ್ ಇಲ್ಲದ ಮನೆ ಹುಡುಕಬೇಕು. ಆದರೂ ಮನೆಯ ಬಣ್ಣಬಣ್ಣದ ನಕ್ಷೆಯಲ್ಲಿ ಹೂಕುಂಡಕ್ಕೆ ಜಾಗ ಇತ್ತು, ಕೂಲರ್‌ಗೆ ಇರಲಿಲ್ಲ. ನೀವು ಹಾಕುವ ಚಿತ್ರಗಳಲ್ಲೂ ಇರುವುದಿಲ್ಲ. ಒಂದಾದರೂ ಚಿತ್ರದಲ್ಲಿ ಕೂಲರ್ ಕಂಡರೆ ಹೇಳಿ, ನಾನು ಈ ಪತ್ರವನ್ನು ಹಿಂದಕ್ಕೆ ಪಡೆಯುತ್ತೇನೆ.

ಇನ್ನು ನೆಲದ ಕತೆ. ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನನ್ನ ತವರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಸುತ್ತಲೂ ಪರಸಿ ಕಲ್ಲಿನ ಗಣಿ. ನಮ್ಮ ಮನೆ ನೆಲ ಪರಸಿ, ಅಂಗಳ ಪರಸಿ, ಬಚ್ಚಲು ಪರಸಿ, ದನದ ಕೊಟ್ಟಿಗೆ ಕೂಡ ಪರಸಿ. ಹೊರಗಿನವರು ಶಹಾಬಾದ್ ಕಲ್ಲು ಅನ್ನುವುದು ಇದಕ್ಕೇ. ಪದರ ಪದರವಾಗಿ ಏಳುವ ಸುಣ್ಣದಕಲ್ಲು, ಬೂದಿ, ನೀಲಿ, ಹಸಿರು ಛಾಯೆಯಲ್ಲಿ ಸಿಗುತ್ತದೆ. ಹೊಸ ಮನೆಗೆ ನೆಲ ಆರಿಸಲು ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಬಹಳ ಉತ್ಸಾಹದಿಂದ ಒಂದು ಟೈಲ್ಸ್ ತೆಗೆದು ತೋರಿಸಿದ. 'ಆಂಟಿ, ಈಗ ಇದೇ ಟ್ರೆಂಡ್. ನ್ಯಾಚುರಲ್ ಸ್ಟೋನ್ ಲುಕ್.' ನೋಡಿದರೆ ನಮ್ಮ ಪರಸಿ ಕಲ್ಲಿನ ಫೋಟೊ! ಅದೇ ಬೂದಿ ಬಣ್ಣ, ಅದೇ ಗೆರೆ, ಟೈಲ್ಸ್ ಮೇಲೆ ಅಚ್ಚು ಹಾಕಿದ್ದಾರೆ. ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬಂದದ್ದಂತೆ. ಶಹಾಬಾದ್ ನಮ್ಮೂರಿಂದ ಮೂವತ್ತು ಕಿಲೋಮೀಟರ್ ಒಳಗೇ ಇದೆ. ನಾನು ಬಾಯಿ ತೆಗೆಯುವಷ್ಟರಲ್ಲಿ ಮಗ ಫೋನಿನಲ್ಲೇ ಅದನ್ನು ಒಪ್ಪಿಬಿಟ್ಟ. ಒದ್ದೆ ಕಾಲಲ್ಲಿ ಅದರ ಮೇಲೆ ಎರಡು ಸಲ ಜಾರಿದ್ದೇನೆ. ನಿಜವಾದ ಪರಸಿ ಮೇಲೆ ಅರವತ್ತು ವರ್ಷದಲ್ಲಿ ಒಂದು ಸಲವೂ ಜಾರಿಲ್ಲ, ನಮ್ಮ ಕಾಲದ್ದು ಪಾಲಿಶ್ ಇಲ್ಲದ ಒರಟು ಕಲ್ಲು.

ಹಳೆಯದೆಲ್ಲ ಚಿನ್ನ ಅಂತ ಹೇಳುವ ಮುದುಕಿ ನಾನಲ್ಲ. ನಮ್ಮ ಹಳ್ಳಿ ಮನೆ ಎರಡೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಜೀವ ಬಂದ ಹಾಗೆ ಆಗುತ್ತಿತ್ತು, ನಿಜ. ಮಳೆಗಾಲದಲ್ಲಿ ಸೋರುತ್ತಿತ್ತು, ಅದೂ ನಿಜ. ಬೋಗುಣಿ ಇಟ್ಟುಕೊಂಡು ನಡುವೆ ಮಲಗುತ್ತಿದ್ದೆವು. ಗೋಡೆಯ ಸಂದಿಯಲ್ಲಿ ಚೇಳು. ಬೆಳಕಿಗೆ ಒಂದು ಗವಾಕ್ಷಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಕಡೆಯ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ನಮ್ಮ ಮಾಡದಲ್ಲಿದ್ದ ತಂಬಿಗೆಗಳೂ ಉರುಳಿದವು. ಅಲ್ಲಿ ಸಾವಿರಾರು ಜನ ಸತ್ತದ್ದು ಇಂಥದ್ದೇ ಮನೆಗಳ ಕೆಳಗೆ. ಮಣ್ಣಲ್ಲಿ ಕೂರಿಸಿದ ಭಾರದ ಕಲ್ಲುಗೋಡೆ ನಡುಗಿದರೆ ಬಿಚ್ಚಿಕೊಳ್ಳುತ್ತದೆ. ಅವತ್ತಿನಿಂದ ನಮ್ಮಪ್ಪ ಎರಡು ತಿಂಗಳು ಅಂಗಳದಲ್ಲೇ ಮಲಗಿದ. ಸ್ಲ್ಯಾಬ್ ಮನೆ ಬೇಕು ಅಂತ ಜನ ಆಸೆಪಟ್ಟದ್ದರಲ್ಲಿ ಏನೂ ತಪ್ಪಿಲ್ಲ. ಕಾಲಮ್, ಬೀಮ್, ಸ್ಲ್ಯಾಬ್ ಇರಲಿ. ಎರೆ ಭೂಮಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಹಾಗಾಗಿ ಗಟ್ಟಿ ಮೊರಂ ಸಿಗುವ ತನಕ ಪಾಯ ಅಗೆಯಲೇಬೇಕು. ಇದನ್ನೆಲ್ಲ ಇಂಜಿನಿಯರ್ ಸರಿಯಾಗಿಯೇ ಮಾಡಿದರು. ನೆಲದ ಕೆಳಗೆ ಕಲಬುರಗಿ ಇದೆ ಅಂತ ಅವರಿಗೆ ಗೊತ್ತಿತ್ತು. ನೆಲದ ಮೇಲೂ ಕಲಬುರಗಿಯೇ ಇದೆ ಅಂತ ಯಾರೂ ನೆನೆಯಲಿಲ್ಲ.

ಅಡುಗೆಮನೆ ವಿಷಯಕ್ಕೆ ಬರುತ್ತೇನೆ. ಓಪನ್ ಕಿಚನ್, ಮಾಡ್ಯುಲರ್, ಬಿಳಿ ಹೊಳಪಿನ ಕಪಾಟು. ಕಟ್ಟೆಯ ಎತ್ತರ 34 ಇಂಚು. ನಾನು ಐದಡಿ ಒಂದಿಂಚು. ಈ ಎತ್ತರದಲ್ಲಿ ಚಪಾತಿ ಲಟ್ಟಿಸಬಹುದು, ತರಕಾರಿ ಹೆಚ್ಚಬಹುದು. ಜೋಳದ ರೊಟ್ಟಿ ಬಡಿಯಲು ಆಗುವುದಿಲ್ಲ. ರೊಟ್ಟಿ ಬಡಿಯುವಾಗ ಭಾರ ಭುಜದಿಂದ ಇಳಿಯಬೇಕು, ಕೈ ಮೊಣಕೈಗಿಂತ ಕೆಳಗೆ ಇರಬೇಕು. ಅದಕ್ಕೇ ನಮ್ಮ ಹೆಂಗಸರು ಕೂತು ಬಡಿಯುತ್ತಿದ್ದರು. ಈ ಕಟ್ಟೆ ಮೇಲೆ ಮೂರು ತಿಂಗಳು ಬಡಿದು ಹೆಗಲು ಹಿಡಿದುಕೊಂಡಿತು. ಮೇಲಾಗಿ ಹಾಲ್‌ನಲ್ಲಿ ಕೂತವರಿಗೆಲ್ಲ ಪಟಪಟ ಸದ್ದು, ಹಿಟ್ಟು ಹಾರಿ ಟಿವಿ ಮೇಲೆ. ಹತ್ತು ಜನ ನೆಂಟರಿಗೆ ಐವತ್ತು ರೊಟ್ಟಿ ಬೇಕಾಗುವ ಮನೆಗೆ, ಬ್ರೆಡ್ ಸುಡುವವರ ಅಡುಗೆಮನೆ ಮಾಡಿಕೊಟ್ಟರೆ ಏನು ಮಾಡೋಣ ಹೇಳಿ?

ಸಿಂಕ್ ಕೆಳಗಿನ ಕಪಾಟು ಎರಡನೇ ವರ್ಷಕ್ಕೇ ಉಬ್ಬಿತು. ಹೊರಗೆ ನೋಡಲು ಮರ, ಒಳಗೆ ಒತ್ತಿದ ಮರದ ಪುಡಿ. ಕಪ್ಪು ನಲ್ಲಿಗಳ ಮೇಲೆ ಬೋರ್ ನೀರಿನ ಬಿಳಿ ಕಲೆ. ನಮ್ಮ ಕಡೆಯ ಬೋರ್ ನೀರು ಗಡಸು ಇರದೆ ಇನ್ನೇನಿರುತ್ತದೆ? ಸುಮ್ನೆ ಸ್ಟೀಲಿನ ನಲ್ಲಿ ಇದ್ದಿದ್ದರೆ ಕಲೆ ಕಾಣುತ್ತಲೇ ಇರಲಿಲ್ಲ.

ಕೊನೆಗೆ ನಮ್ಮ ಹಳ್ಳಿಯ ಹಳೇ ಗೌಂಡಿಯನ್ನು ಕರೆಸಿದೆ. ಅವರು ಹಾಲ್‌ನಲ್ಲಿ ನಿಂತು ಮೇಲೆ ಕೆಳಗೆ ನೋಡಿ ಕೇಳಿದ್ದು ಒಂದೇ ಮಾತು. 'ಅಕ್ಕೋರೆ, ಇದು ಮನಿನೋ ಷೋರೂಮೋ?' ಆಮೇಲೆ ಕೆಲಸ ಹೇಳಿದರು. ಮೇಲಿನ ಗಾಜಿನಲ್ಲಿ ನಾಲ್ಕು ಪಟ್ಟಿ ತೆಗೆಸಿ ತೆರೆಯುವ ಕಿಂಡಿ ಮಾಡಿಸಿದೆವು, ಬಿಸಿ ಗಾಳಿ ಹೊರಹೋಗಲು. ಪಡುವಣಕ್ಕೆ ಹೊರಗಿನಿಂದ ಬಿದಿರು ತಟ್ಟಿ. ಪರದೆ ಒಳಗೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿರುತ್ತದೆ, ತಡೆಯಬೇಕಾದ್ದು ಹೊರಗೇ. ಮಾಳಿಗೆ ಮೇಲೆ ಪ್ರತಿ ಮಾರ್ಚ್‌ನಲ್ಲಿ ಅಂಟು ಬೆರೆಸಿದ ಬಿಳಿ ಸುಣ್ಣ. ಇದೊಂದಕ್ಕೆ ಖರ್ಚು ಕಡಿಮೆ, ಫಲ ಮಾತ್ರ ಅವತ್ತೇ ರಾತ್ರಿ ಮಲಗಿದಾಗ ಗೊತ್ತಾಯಿತು. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಒಂದಡಿ ಎತ್ತರದ ಕಟ್ಟೆ, ಮೇಲೆ ಒಂದೇ ಒಂದು ದೊಡ್ಡ ಪರಸಿ ಹಾಸು. ಎದುರಿಗೆ ಒಲೆ, ಪಕ್ಕದಲ್ಲಿ ಪರಾತ. ಈಗ ರೊಟ್ಟಿ ಅಲ್ಲೇ, ಸದ್ದೂ ಅಲ್ಲೇ.

ಬೂದಿ ಬಣ್ಣದ ಎಲ್ ಆಕಾರದ ಸೋಫಾ ಅರ್ಧ ಹಾಲ್ ತಿಂದಿತ್ತು. ಮೇಲೆ ಧೂಳು, ಅಡಿಯಲ್ಲಿ ಕಸ, ಬಟ್ಟೆ ತೊಳೆಯಲು ಬರುವುದಿಲ್ಲ. ಅದನ್ನು ಮಗಳ ಮನೆಗೆ ಸಾಗಿಸಿ, ತವರಿನ ಅಟ್ಟದಲ್ಲಿದ್ದ ಎರಡು ಹೊರಸು ತರಿಸಿ ಹೊಸ ನವಾರ ಹೆಣೆಸಿದೆ. ಹಗಲು ಕೂರಲು, ರಾತ್ರಿ ಮಾಳಿಗೆಗೆ ಹೊತ್ತುಕೊಂಡು ಹೋಗಿ ಮಲಗಲು. ಕೆಳಗಿನಿಂದ ಗಾಳಿ ಆಡುತ್ತದೆ, ನವಾರ ಬಿಚ್ಚಿ ತೊಳೆಯಬಹುದು. ಮಗ ಮೊದಲು ಮುಖ ಸಿಂಡರಿಸಿದ. ಮುಂದಿನ ಸಲ ಬಂದಾಗ ಪುಣೆಯ ಯಾವುದೋ ಅಂಗಡಿಯಲ್ಲಿ ಇಂಥದ್ದೇ ಹೊರಸಿಗೆ ಇಟ್ಟ ಬೆಲೆಯ ಚೀಟಿಯ ಫೋಟೊ ತಂದು ತೋರಿಸಿದ. ನಾನು ಏನೂ ಅನ್ನಲಿಲ್ಲ.

ನಾನು ಕೇಳುವುದು ಇಷ್ಟೇ. ಮನೆ ಪುಟದಲ್ಲಿ ಚಿತ್ರ ಹಾಕುವಾಗ ಅದು ಯಾವ ಊರು, ಮುಖ ಯಾವ ದಿಕ್ಕಿಗೆ, ಬೇಸಿಗೆಯ ಕರೆಂಟ್ ಬಿಲ್ ಎಷ್ಟು ಅಂತ ಒಂದು ಸಾಲು ಬರೆಯಿರಿ. ವರ್ಷಕ್ಕೆ ನಾಲ್ಕು ಸಲವಾದರೂ ನಮ್ಮ ಕಡೆಯ ಮನೆಗಳನ್ನು ತೋರಿಸಿ. ಬೀದರಿನ ಕೆಂಪು ಕಲ್ಲನ್ನು ನೆಲದಿಂದ ತೆಗೆದಾಗ ಸುಲಭವಾಗಿ ಕೊಯ್ಯಬಹುದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಅಂಥದ್ದನ್ನು ಬಳಸಿದ ಹೊಸ ಮನೆ ಒಂದೂ ನಿಮ್ಮ ಪುಟದಲ್ಲಿ ಕಂಡಿಲ್ಲ. ಮ್ಯಾಟ್ ಕಪ್ಪು ಈಗ ಫ್ಯಾಷನ್ ಅಂತೆ. ಕೋಟೆಯ ಮಣ್ಣು ಹಚ್ಚಿ ಕಪ್ಪು ಬರಿಸುವ ಬಿದರಿ ಕೆಲಸದವರು ಬೀದರಿನಲ್ಲೇ ಇದ್ದಾರೆ, ಅವರಿಂದ ಕಪಾಟಿನ ಹಿಡಿಕೆ ಮಾಡಿಸಬಹುದಲ್ವಾ? ನಾವು ಬಿದರಿಯನ್ನು ಸನ್ಮಾನದ ದಿನ ಮಾತ್ರ ನೆನೆಯುತ್ತೇವೆ.

ನಮ್ಮ ಊರ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ನಿಮ್ಮ ಫೋಟೊಗ್ರಾಫರನ್ನು ಒಮ್ಮೆ ಕಳಿಸಿ. 1367ರಲ್ಲಿ ಕಟ್ಟಿದ್ದು ಅನ್ನುತ್ತಾರೆ. ಬೇರೆ ಕಡೆ ನಡುವೆ ಬಯಲು ಅಂಗಳ ಇರುತ್ತದೆ, ಇಲ್ಲಿ ಪೂರ್ತಿ ಮುಚ್ಚಿ ಮೇಲೆ ಗುಮ್ಮಟ ಕೂರಿಸಿದ್ದಾರೆ, ಸುತ್ತ ಅಗಲ ಕಮಾನುಗಳಿಂದ ಬೆಳಕು. ಯಾಕೆ ಹಾಗೆ ಮಾಡಿದರು ಅಂತ ಪಂಡಿತರು ಏನಾದರೂ ಹೇಳಲಿ. ಮೇ ತಿಂಗಳಲ್ಲಿ ಹೊರಗಿನ ಬಿಸಿಲಿನಿಂದ ಒಳಗೆ ಹೋಗಿ ನಿಂತಾಗ ನನಗೆ ಒಂದು ಕಾರಣ ಹೊಳೆದಿದೆ. ಹಾಗೇ ನಮ್ಮ ಮನೆಗೂ ಬರಲಿ. ಸಂಜೆ ದೀಪ ಹಚ್ಚಿದ ಮೇಲೆ ಬೇಡ, ಮಧ್ಯಾಹ್ನ ಮೂರಕ್ಕೆ. ಬಿದಿರು ತಟ್ಟಿ ಫೋಟೊಗೆ ಚೆಂದ ಕಾಣುವುದಿಲ್ಲ, ಮೊದಲೇ ಹೇಳಿರುತ್ತೇನೆ.

— ನಿವೃತ್ತ ಶಿಕ್ಷಕಿ, ಸೇಡಂ ರಸ್ತೆ, ಕಲಬುರಗಿ

ಮರೆತ ಮಾತು: ಇದನ್ನು ಓದಿ ಯಾರಾದರೂ ಅಡುಗೆ ಕಟ್ಟೆಗೆ ಪರಸಿ ಹಾಕಿಸಿದರೆ, ಅದರ ಮೇಲೆ ನಿಂಬೆಹಣ್ಣು ಕೊಯ್ಯಬೇಡಿ, ಹುಣಸೆ ರಸ ಚೆಲ್ಲಬೇಡಿ. ಸುಣ್ಣದಕಲ್ಲು, ಹುಳಿ ತಾಗಿದರೆ ಮೇಲ್ಮೈ ತಿಂದು ಬಿಳಿ ಮಚ್ಚೆ ಉಳಿಯುತ್ತದೆ. ಬಚ್ಚಲಿಗೆ ಹಾಕಿಸಿದವರು ಆಸಿಡ್ ಹಾಕಿ ತೊಳೆಯಬೇಡಿ. ನಮ್ಮ ಹೊಸ ಕಟ್ಟೆಯ ಮೇಲೆ ಆಗಲೇ ಮೂರು ಮಚ್ಚೆ ಇವೆ. ಮೂರೂ ನಾನೇ ಮಾಡಿದ್ದು.