ಒಂದು ವರ್ಷದ ಕರಾರಿನಲ್ಲಿ ಹಸು ಸಾಕಲು ಆಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೈನುಗಾರಿಕೆ ಶುರು ಮಾಡಿ ಎಂದು ಹೊಸಬರನ್ನು ಹುರಿದುಂಬಿಸುವ ಬರಹಗಳು ಆಗಾಗ ಬರುತ್ತವೆ. ಬರಲಿ, ಒಳ್ಳೆಯದೇ. ಆದರೆ ತಳಿ, ಹಿಂಡಿ, ಹಾಲು ಕರೆಯುವ ಮೆಷಿನ್ ಎಲ್ಲದರ ಮಾತೂ ಅದರಲ್ಲಿ ಇರುತ್ತದೆ, ಜಮೀನು ಯಾರದು ಅನ್ನುವ ಮಾತು ಮಾತ್ರ ಇರುವುದಿಲ್ಲ. ಬೇರೆಯವರ ಹೊಲ, ಕೊಟ್ಟಿಗೆಯನ್ನು ಗುತ್ತಿಗೆಗೆ ಹಿಡಿದು ನಾಲ್ಕೈದು ಹಸು ಕಟ್ಟಿ ಬದುಕು ನೋಡಿಕೊಳ್ಳೋಣ ಅನ್ನುವವರೂ ಇದ್ದಾರೆ. ನಾನೂ ಅವರಲ್ಲೊಬ್ಬ. ನಮ್ಮಂಥವರಿಗೆ ಮೊದಲ ಪ್ರಶ್ನೆ ಯಾವ ಹಸು ಅನ್ನುವುದಲ್ಲ, ಎಷ್ಟು ವರ್ಷದ ಕರಾರು ಅನ್ನುವುದು.

ಲೆಕ್ಕ ಹಾಕಿ ನೋಡಿ. ಹಸು ಗಬ್ಬ ನಿಂತ ಮೇಲೆ ಕರು ಹಾಕಲು ಸುಮಾರು 280 ದಿನ. ಹುಟ್ಟಿದ್ದು ಹೆಣ್ಣುಗರುವಾದರೆ ಅದು ಚೆನ್ನಾಗಿ ಬೆಳೆದು, ಬೆದೆಗೆ ಬಂದು, ಗಬ್ಬ ಕಟ್ಟಿ ತನ್ನ ಮೊದಲ ಕರು ಹಾಕಲು ಇನ್ನೂ ಎರಡರಿಂದ ಮೂರು ವರ್ಷ ಬೇಕು. ಅಂದರೆ ಈಗ ಹೊಟ್ಟೆಯಲ್ಲಿರುವ ಕರುವಿನ ಹಾಲು ಕ್ಯಾನಿಗೆ ಬೀಳುವ ಹೊತ್ತಿಗೆ ಒಂದು ವರ್ಷದ ಕರಾರು ಎರಡು ಸಲ ಮುಗಿದು ಮೂರನೇದೂ ಮುಗಿಯುತ್ತಾ ಬಂದಿರುತ್ತದೆ. ಪ್ರತಿ ಸಲವೂ ಮಾಲೀಕರು ಏನು ಹೇಳುತ್ತಾರೋ ಎಂದು ಕಾಯುತ್ತಾ ಕೂರುವವನು ಕರು ಬೆಳೆಸುವುದಾದರೂ ಹೇಗೆ? ಹಾಗಾಗಿ ಬಹಳ ಜನ ಹೆಣ್ಣುಗರುವನ್ನೂ ಎಳೆಯದರಲ್ಲೇ ಮಾರಿಬಿಡುತ್ತಾರೆ, ಆಮೇಲೆ ದುಬಾರಿ ಕೊಟ್ಟು ಕರೆಯುವ ಹಸು ತರುತ್ತಾರೆ.

ಮೇವಿನ ಕಥೆಯೂ ಅದೇ. ನೇಪಿಯರ್ ಹುಲ್ಲನ್ನು ಬಿಸಿಲು, ನೀರು ಇರುವ ಕಡೆ ನೆಟ್ಟರೆ ಎರಡು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಸಿಗುತ್ತದೆ, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ ಕೊಯ್ಯುತ್ತಾ ಹೋದರೆ ಅದೇ ಬುಡದಿಂದ ಮೂರ್ನಾಲ್ಕು ವರ್ಷ ಮೇವು ಬರುತ್ತದೆ. ನೆಡುವ ಖರ್ಚೆಲ್ಲ ಮೊದಲ ವರ್ಷದ್ದು. ಮುಂದಿನ ವರ್ಷ ಇಲ್ಲಿ ಇರುತ್ತೇನೋ ಇಲ್ಲವೋ ಅನ್ನುವವನು ನೆಡುವುದಿಲ್ಲ, ಮೇವು ಕೊಂಡು ತರುತ್ತಾನೆ. ಹಾಲಿನ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೇವು, ಹಿಂಡಿಗೇ ಹೋಗುವಾಗ, ಎಲ್ಲವನ್ನೂ ಕೊಂಡು ತಂದವನಿಗೆ ಉಳಿಯುವುದೇನು?

ಇನ್ನು ಸೆಗಣಿ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಬರಡು ಬಿದ್ದ ಹೊಲಕ್ಕೆ ವರ್ಷಗಟ್ಟಲೆ ಗೊಬ್ಬರ ಹೊತ್ತು ಹಾಕಿ ಮಣ್ಣು ಸರಿ ಮಾಡುವವನು ಗುತ್ತಿಗೆದಾರ. ಮಣ್ಣು ಚೆನ್ನಾಯಿತು ಅನ್ನುವಾಗ ಗುತ್ತಿಗೆ ಹಣ ಏರುತ್ತದೆ, ಇಲ್ಲವೇ ಜಾಗ ಬಿಡಿ ಅನ್ನುತ್ತಾರೆ. ತನ್ನ ಬೆವರಿಗೇ ಅವನು ಬಾಡಿಗೆ ಕಟ್ಟಬೇಕು! ಇಂಗ್ಲೆಂಡಿನಲ್ಲಿ ಗೇಣಿದಾರ ಜಮೀನು ಬಿಡುವಾಗ ಅವನು ಮಾಡಿದ ಸುಧಾರಣೆಗೆ ಪರಿಹಾರ ಕೊಡಲೇಬೇಕು ಎಂದು 1883ರಲ್ಲೇ ಕಾನೂನು ಬಂತು. ನ್ಯೂಜಿಲೆಂಡಿನಲ್ಲಿ ಜಮೀನು ಮಾಲೀಕರದು, ಹಸುಗಳು ಮತ್ತು ದುಡಿಮೆ ಹೈನುಗಾರರದು, ಹಾಲಿನ ದುಡ್ಡು ಹೆಚ್ಚಾಗಿ ಅರ್ಧ ಅರ್ಧ, ಹೀಗೊಂದು ಪಾಲುದಾರಿಕೆ ಬಹಳ ಕಾಲದಿಂದ ನಡೆದುಕೊಂಡು ಬಂದಿದೆ. ಅಲ್ಲಿ ಹಾಲಿನ ಬೆಲೆ ಬಿದ್ದರೆ ಇಬ್ಬರಿಗೂ ಬಿಸಿ ತಟ್ಟುತ್ತದೆ. ನಮಗೇಕೆ ಎಲ್ಲ ಭಾರವೂ ಒಬ್ಬನ ಹೆಗಲ ಮೇಲೆ?

ಹೊಸದಾಗಿ ಬರುವವರಿಗೆ ಒಂದು ಮಾತು. ಬಾಯಿಮಾತಿನ ಒಪ್ಪಂದ ಬೇಡವೇ ಬೇಡ. ಬೋರಿನ ನೀರು ಯಾರದು, ಕೆಟ್ಟರೆ ರಿಪೇರಿ ಯಾರು ಮಾಡಿಸಬೇಕು, ಹೊಸದಾಗಿ ಹಾಕಿದ ತಗಡು, ಗೋದಲಿ ಬಿಟ್ಟು ಹೋಗುವಾಗ ಯಾರಿಗೆ, ಎಲ್ಲ ಕಾಗದದಲ್ಲಿ ಇರಲಿ. ಕರೆಯುವ ಹಸುವಿಗೆ ಒಂದು ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರ್ ನೀರಾದರೂ ಬೇಕು, ನೀರಿಲ್ಲದ ಜಾಗ ಪುಕ್ಕಟೆ ಸಿಕ್ಕರೂ ಬೇಡ. ಜಾಗ ಬಿಡಲು ಕೊಡುವ ಗಡುವನ್ನೂ ಬರೆಸಿಕೊಳ್ಳಿ, ತುಂಬು ಗಬ್ಬದ ಹಸುವನ್ನು ಲಾರಿಗೆ ಹತ್ತಿಸಿ ಅಲೆದಾಡುವ ಸ್ಥಿತಿ ಯಾರಿಗೂ ಬರಬಾರದು.

ಹಸುಗಳನ್ನೆಲ್ಲ ಒಟ್ಟಿಗೆ ತರಬೇಡಿ. ಕರು ಹಾಕುವ ಮೊದಲು ಸುಮಾರು ಎರಡು ತಿಂಗಳು ಹಾಲು ಬತ್ತಿಸಬೇಕು, ಎಲ್ಲವೂ ಒಟ್ಟಿಗೆ ಬತ್ತಿದರೆ ಆ ತಿಂಗಳುಗಳ ಗುತ್ತಿಗೆ ಹಣ ಎಲ್ಲಿಂದ ಬರಬೇಕು? ಕೊಳ್ಳುವಾಗ ನೀವೇ ಕೂತು ಸಂಜೆ ಒಮ್ಮೆ, ಮಾರನೇ ಬೆಳಿಗ್ಗೆ ಒಮ್ಮೆ ಕರೆದು ನೋಡಿ. ನಾಲ್ಕೂ ತೊಟ್ಟಿನ ಮೊದಲ ಹಾಲನ್ನು ಕಪ್ಪು ಬಟ್ಟೆ ಮೇಲೆ ಬಿಟ್ಟರೆ ತರಿತರಿಯಾಗಿದೆಯೋ ನೀರುನೀರಾಗಿದೆಯೋ ಕಣ್ಣಿಗೇ ಕಾಣುತ್ತದೆ. ಕರೆದಾದ ಮೇಲೆ ಕೆಚ್ಚಲು ಮೆತ್ತಗೆ ಜೋತುಬೀಳಬೇಕು, ಎಲ್ಲಾದರೂ ಗಟ್ಟಿ ಗಂಟು ಕೈಗೆ ಸಿಕ್ಕರೆ ಆ ಹಸು ಬೇಡ. ಕಣ್ಣಿಗೆ ಕಾಣದ ಕೆಚ್ಚಲು ಬಾವೂ ಇರುತ್ತದೆ, ಅದಕ್ಕೆ ಹಾಲಿನ ಪರೀಕ್ಷೆ ಬೇಕು. ಕಂದು ಹಾಕಿಸುವ, ಅಂದರೆ ತಿಂಗಳು ತುಂಬುವ ಮೊದಲೇ ಗರ್ಭ ಬೀಳಿಸುವ ಬ್ರುಸೆಲ್ಲೋಸಿಸ್ ರೋಗ ಇಲ್ಲವೆಂದು ರಕ್ತ ಪರೀಕ್ಷೆ ಮಾಡಿಸಿಯೇ ತನ್ನಿ, ಅದು ಮನುಷ್ಯರಿಗೂ ಅಂಟುತ್ತದೆ. ಜಮೀನಿದ್ದವನು ಒಂದು ಹಸು ಕಳೆದುಕೊಂಡರೂ ಹೇಗೋ ಸುಧಾರಿಸಿಕೊಳ್ಳುತ್ತಾನೆ, ನಮಗೆ ಇರುವ ಆಸ್ತಿಯೇ ಹಸು.

ಜಾಗ ಕೊಟ್ಟರೆ ಇವನು ಬಿಡುತ್ತಾನೋ ಇಲ್ಲವೋ ಎಂಬ ಭಯ ಮಾಲೀಕರಿಗೂ ಇರುತ್ತದೆ, ಗೊತ್ತು. ಆ ಭಯ ಸುಳ್ಳಲ್ಲ. ಅದಕ್ಕೇ ಹೇಳುವುದು, ಐದು ವರ್ಷಕ್ಕೆ ಎಂದು ಇಬ್ಬರೂ ಕಾಗದದ ಮೇಲೆ ಒಪ್ಪಿಕೊಂಡರೆ, ಮುಗಿಯುವ ದಿನವೂ ಅದರಲ್ಲೇ ಇದ್ದರೆ, ಇಬ್ಬರೂ ನೆಮ್ಮದಿಯಿಂದ ನಿದ್ದೆ ಮಾಡಬಹುದು ಅಲ್ವಾ? ಸಂಪಾದಕರೇ, ಮುಂದಿನ ಸಲ ಹೈನುಗಾರರೊಬ್ಬರ ಯಶಸ್ಸಿನ ಕಥೆ ಹಾಕುವಾಗ ದಯವಿಟ್ಟು ಅವರ ಜಮೀನು ಸ್ವಂತದ್ದೋ ಗುತ್ತಿಗೆಯದ್ದೋ ಕೇಳಿ ಬರೆಯಿರಿ. ಗುತ್ತಿಗೆಯದ್ದಾದರೆ ಎಷ್ಟು ವರ್ಷಕ್ಕೆ ಅನ್ನುವುದನ್ನೂ ಬರೆಯಿರಿ.

ಇಂತಿ,
ಒಬ್ಬ ಗುತ್ತಿಗೆ ಹೈನುಗಾರ